ಎಂಟೂವರೆಗೆ ಕೆಂಪು ದೀಪ

ಅಯಾಝ್ ನಮ್ಮ ಕಂಪನಿಗೆ ಸೇರಿದ ಮೂರನೇ ವಾರದಲ್ಲೇ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಈ ಬರಹವನ್ನು ಇದಕ್ಕೆ ಮೊದಲು ಮೂರು ಸಲ ಬೇರೆ ವಾಕ್ಯಗಳಿಂದ ಶುರು ಮಾಡಿದ್ದೆ. ಒಂದರಲ್ಲಿ ನನ್ನ ಗಣಿತದ ಎಂ.ಎಸ್ಸಿ. ಇತ್ತು, ಇನ್ನೊಂದರಲ್ಲಿ ಟೇಕಲ್ ಸ್ಟೇಷನ್ನಿನ ಬೆಳಗಿನ ರೈಲು, ಮೂರನೆಯದರಲ್ಲಿ ಹೊಸದಾಗಿ ಕೆಲಸಕ್ಕೆ ಬರುವವರಿಗೆ ಕಿವಿಮಾತು. ಮೂರನ್ನೂ ಹರಿದು ಹಾಕಿದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಹರಿಯಲಾಗುವುದಿಲ್ಲ. ಅಳಿಸಿದೆ ಎಂದು ಓದಿಕೊಳ್ಳಿ.

ನಿವೃತ್ತಿಯಾಗಿ ಒಂದೂವರೆ ವರ್ಷವಾಗಿದೆ. ನೆನಪನ್ನು ನಾನು ನಂಬುವುದಿಲ್ಲ. ನನ್ನ ನೆನಪುಗಳು ಕೇಳಲು ಚೆನ್ನಾಗಿರುತ್ತವೆ, ಅದೇ ಅವುಗಳ ದೋಷ. ಆದ್ದರಿಂದ ಇಲ್ಲಿ ಬರುವ ಸಂಗತಿಗಳನ್ನೆಲ್ಲ ಮೊದಲು ನನಗೆ ತೋಚಿದಂತೆ ಬರೆದು, ಆಮೇಲೆ ಅಯಾಝ್‌ಗೆ ಫೋನು ಮಾಡಿ ತಾಳೆ ನೋಡಿದ್ದೇನೆ. ಹೊಂದದ ಕಡೆ ಹೊಂದಲಿಲ್ಲ ಎಂದೇ ಬರೆದಿದ್ದೇನೆ.

ಕೆಲಸ ಏನೆಂದು ಹೇಳಬೇಕು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಂಪನಿ. ಹಳ್ಳಿಯ ಹಾಲಿನ ಸಂಘಗಳಿಗೆ ಹಾಲು ಪರೀಕ್ಷೆ ಮಾಡುವ ಯಂತ್ರ ತಯಾರಿಸುತ್ತಿದ್ದೆವು. ಒಂದು ಲೋಟ ಹಾಲಿನೊಳಗೆ ಯಂತ್ರ ಶಬ್ದದ ಅಲೆ ಹಾಯಿಸುತ್ತದೆ. ಅದು ದಾಟಲು ಹಿಡಿದ ಸಮಯದಿಂದ ಕೊಬ್ಬು ಎಷ್ಟು, ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಈ ಎರಡನೆಯದನ್ನು ಸಂಘದಲ್ಲಿ ಎಲ್ಲರೂ ಎಸ್‌ಎನ್‌ಎಫ್ ಅನ್ನುತ್ತಾರೆ. ನಮ್ಮ ಯಂತ್ರದಲ್ಲಿ ಅದು ಶೇಕಡಾ ಎಂಟೂವರೆ ಅಥವಾ ಮೇಲಿದ್ದರೆ ಹಸಿರು ದೀಪ, ಕೆಳಗಿದ್ದರೆ ಕೆಂಪು. ಕೆಂಪು ಬಂದರೆ ಆ ಹಾಲು ಕ್ಯಾನಿಗೆ ಹೋಗುವುದಿಲ್ಲ, ತಂದವರ ಜೊತೆಯಲ್ಲೇ ಮನೆಗೆ ವಾಪಸ್ಸು. ಆ ಲೆಕ್ಕದ ಪ್ರೋಗ್ರಾಂ ಬರೆದವಳು ನಾನು. ಹದಿನೆಂಟು ವರ್ಷ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಮುಟ್ಟಿದರೆ ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ನಮ್ಮಲ್ಲಿ ಒಂದು ಮೂಲ ಪಟ್ಟಿ ಇತ್ತು. ಆರುನೂರು ಹಾಲಿನ ಮಾದರಿಗಳ ಅಳತೆ, ಪ್ರತಿಯೊಂದಕ್ಕೂ ನನ್ನ ಪ್ರೋಗ್ರಾಂ ಮೊದಲು ಕೊಟ್ಟ ಉತ್ತರ. ಯಂತ್ರದಲ್ಲಿ ಏನೇ ಬದಲಾದರೂ ಆರುನೂರನ್ನೂ ಮತ್ತೆ ಓಡಿಸಿ ಉತ್ತರ ಹೋಲಿಸಬೇಕು. ಶುರುವಿನ ವರ್ಷಗಳಲ್ಲಿ ಇದನ್ನು ಕಾಗದದ ಮೇಲೆ ಮಾಡುತ್ತಿದ್ದೆವು. ನಮ್ಮ ಮ್ಯಾನೇಜರ್ ವೆಂಕಟರವಣಪ್ಪನವರು, ಶ್ರೀನಿವಾಸಪುರದ ಕಡೆಯವರು, ಉದ್ದನೆಯ ಕಾಗದವನ್ನು ಮೇಜಿನ ಮೇಲೆ ಹರಡಿ, ಮರದ ಸ್ಕೇಲು ಇಟ್ಟು, ನಾನು ಓದಿದ ಅಂಕಿಗೆ ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದರು. ಕೊನೆಯ ಅಂಕಿ ಬೇರೆ ಬಂದರೂ ಸ್ಕೇಲು ಅಲ್ಲೇ ನಿಲ್ಲುತ್ತಿತ್ತು. "ಏಮ್ಮಾ ಸರೋಜಾ, ಇದಿ ಏಂಟಿ?" ಅನ್ನುತ್ತಿದ್ದರು, ಇದೇನು ಎಂದು. ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗು. ಆಮೇಲೆ ಹೋಲಿಸುವ ಕೆಲಸವನ್ನೂ ಕಂಪ್ಯೂಟರಿಗೇ ಕೊಟ್ಟೆವು. ಸ್ಕೇಲು ಅವರ ಮೇಜಿನ ಮೇಲೆ ಬೆನ್ನು ಕೆರೆದುಕೊಳ್ಳಲು ಉಳಿಯಿತು.

ಯಂತ್ರದೊಳಗೆ ಕೂರಿಸುತ್ತಿದ್ದ ಹಳೆಯ ಕಂಪ್ಯೂಟರುಗಳು ಸಿಗುವುದು ನಿಂತಾಗ ಅಂಗೈಯಷ್ಟು ದೊಡ್ಡ ಹೊಸ ಬೋರ್ಡಿಗೆ ಎಲ್ಲವನ್ನೂ ಸಾಗಿಸಬೇಕಾಯಿತು. ಪ್ರೋಗ್ರಾಂ ಅದೇ, ಹಾಲಿನ ಅಳತೆಗಳೂ ಅವೇ. ಆರುನೂರರಲ್ಲಿ ನಾನೂರಕ್ಕೂ ಹೆಚ್ಚು ಉತ್ತರಗಳು ಬೇರೆ ಬಂದವು.

ಈ ಕೆಲಸಕ್ಕೆ ಹೊಸದಾಗಿ ಬರುವವರು ಇಲ್ಲಿ ಮೊದಲ ಪೆಟ್ಟು ತಿನ್ನುತ್ತಾರೆ. ಎರಡೂ ಕಡೆ ಅದೇ ಕೂಡುವುದು, ಅದೇ ಗುಣಿಸುವುದು, ಉತ್ತರ ಹೇಗೆ ಬದಲಾಗುತ್ತದೆ? ಒಂದನ್ನು ಮೂರರಿಂದ ಭಾಗಿಸಿ ಬರೆಯಿರಿ. ಮೂರು, ಮೂರು, ಮೂರು, ಮುಗಿಯುವುದೇ ಇಲ್ಲ. ಕಾಗದ ಮುಗಿದ ಕಡೆ ನೀವು ನಿಲ್ಲಿಸುತ್ತೀರಿ. ಕಂಪ್ಯೂಟರಿಗೂ ಹಾಗೆಯೇ ಒಂದು ಕಡೆ ಕಾಗದ ಮುಗಿಯುತ್ತದೆ. ನಮ್ಮ ಹಳೆಯ ಯಂತ್ರಕ್ಕೆ ಲೆಕ್ಕದ ನಡುವೆ ಅಗಲವಾದ ಕಾಗದ ಇತ್ತು, ಉತ್ತರ ಬರೆದಿಡುವಾಗ ಮಾತ್ರ ಕತ್ತರಿಸುತ್ತಿತ್ತು. ಹೊಸ ಬೋರ್ಡು ಪ್ರತಿ ಹೆಜ್ಜೆಗೂ ಕತ್ತರಿಸುತ್ತಿತ್ತು. ಹಾಗಾಗಿ ಬಾಲದ ಅಂಕಿಗಳು ಬೇರೆ.

ಎಲ್ಲ ತಪ್ಪುಗಳೂ ಬಾಲದಲ್ಲಿ ಇರಲಿಲ್ಲ. ಮೊದಲ ದಿನವೇ ಕೆಲವು ಮಾದರಿಗಳಿಗೆ ಎಸ್‌ಎನ್‌ಎಫ್ ಎಪ್ಪತ್ತರ ಮೇಲೆ ಬಂತು. ವೆಂಕಟರವಣಪ್ಪನವರು ಪರದೆ ನೋಡಿ, "ಹಾಲಿಗೆ ನಮ್ಮ ಮಾಲೂರು ಇಟ್ಟಿಗೆ ಅರ್ದು ಹಾಕವ್ರೇನಮ್ಮಾ?" ಅಂದರು. ನಾನು ಅರ್ಧ ಗಂಟೆಯಲ್ಲಿ ಹಿಡಿದೆ. ಹಾಲಿನ ಬಿಸಿಗೆ ತಕ್ಕಂತೆ ಸೇರಿಸುವ ಒಂದು ಸಣ್ಣ ತಿದ್ದುಪಡಿಯ ಅಂಕಿ ಇತ್ತು. ಕೆಲವೊಮ್ಮೆ ಅದು ಮೈನಸ್ ಮೂರು, ಮೈನಸ್ ನಾಲ್ಕು ಇರುತ್ತಿತ್ತು. ನಾನು ಅದನ್ನಿಟ್ಟಿದ್ದ ಪುಟ್ಟ ಜಾಗದಲ್ಲಿ ಹಳೆಯ ಯಂತ್ರ ಮೈನಸ್ಸನ್ನು ಗುರುತಿಸುತ್ತಿತ್ತು, ಹೊಸ ಬೋರ್ಡು ಎಲ್ಲವನ್ನೂ ಪ್ಲಸ್ ಎಂದೇ ಓದುತ್ತಿತ್ತು. ಅಲ್ಲಿ ಒಟ್ಟು ಇನ್ನೂರ ಐವತ್ತಾರು ಬೆಲೆಗಳಿಗಷ್ಟೇ ಜಾಗ, ಹಾಗಾಗಿ ಮೈನಸ್ ಮೂರು ಅದಕ್ಕೆ ಇನ್ನೂರ ಐವತ್ತಮೂರು. ಒಂದು ಪದ ಸೇರಿಸಿದೆ, ಸರಿಹೋಯಿತು. ಇದನ್ನು ಹಿಡಿದದ್ದು ನಾನೇ ತಾನೇ ಎಂದು ಅಯಾಝ್‌ನನ್ನು ಫೋನಿನಲ್ಲಿ ಕೇಳಿದೆ. "ಹೌದು ಮೇಡಂ, ನೀವೇ," ಅಂದ. ಈ ವಯಸ್ಸಿನಲ್ಲಿ ಅದಕ್ಕೆ ಅಷ್ಟು ಖುಷಿಪಡಬಾರದಿತ್ತು.

ಇನ್ನು ಅವನ ವಿಷಯ. ಅಯಾಝ್ ಮುಳಬಾಗಿಲಿನವನು, ಡಿಪ್ಲೊಮಾ ಓದಿದವನು, ವಯಸ್ಸು ಮೂವತ್ತರ ಹತ್ತಿರ. ಅವನ ತಂದೆಗೆ ಪೇಟೆಯಲ್ಲಿ ತಕ್ಕಡಿ ರಿಪೇರಿ ಅಂಗಡಿ. ಕಂಪನಿಯಲ್ಲಿ ಅವನು ಕಾಂಟ್ರಾಕ್ಟಿನ ಮೇಲೆ ಇದ್ದ. ಹೊಸ ಬೋರ್ಡಿನ ಪರೀಕ್ಷೆಯ ಜವಾಬ್ದಾರಿ ಅವನದು. ಪ್ರಯೋಗಕ್ಕೆ ಆರಿಸಿದ ಹಳ್ಳಿಗಳಲ್ಲಿ ಯಂತ್ರ ಸರಿಯಾಗಿ ಓಡಿದರೆ ಆ ವರ್ಷವೇ ಖಾಯಂ ಮಾಡುತ್ತೇವೆಂದು ವೆಂಕಟರವಣಪ್ಪನವರು ಎಲ್ಲರೆದುರು ಹೇಳಿದ್ದರು. ಆ ಎಲ್ಲರಲ್ಲಿ ನಾನೂ ಇದ್ದೆ.

ಮೂರನೇ ವಾರ ಅಂದೆನಲ್ಲ, ಅವತ್ತು ಅವನು ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಕೊನೇ ಅಂಕಿವರೆಗೂ ಒಂದೇ ಇರ್ಬೇಕು ಅಂತ ಯಾಕೆ ಕೇಳ್ತಿದೀವಿ?" ಅಂದ.

"ಯಾಕಂದ್ರೆ ಅದು ಸರಿಯಾದ ಉತ್ತರ."

"ಸರಿಯಾದದ್ದಾ, ಹಳೇದಾ?"

ಅವನು ಮುಂದುವರಿಸಿದ. "ನಮ್ ಅಬ್ಬಾ ಅಂಗ್ಡೀಲಿ ತಕ್ಕಡಿಗೆ ಮುದ್ರೆ ಹಾಕ್ಸೋವಾಗ ಇಷ್ಟು ವ್ಯತ್ಯಾಸ ಇರ್ಬೋದು ಅಂತ ಮೊದ್ಲೇ ಲೆಕ್ಕ ಇರತ್ತೆ ಮೇಡಂ. ಅದಕ್ಕಿಂತ ಜಾಸ್ತಿ ಆದ್ರೆ ಮಾತ್ರ ಬಿಚ್ತಾರೆ. ನಾವೂ ಒಂದು ಅಂತರ ಇಟ್ಕೊಳ್ಳೋಣ. ಅದನ್ನ ದಾಟಿದ್ದು ಮಾತ್ರ ನಿಜವಾದ ತಪ್ಪು."

ಅದು ಪುಸ್ತಕಗಳಲ್ಲಿರುವ ಮಾತೇ. ಎಂ.ಎಸ್ಸಿ.ಯಲ್ಲಿ ನಾನು ಅದರ ಮೇಲೆ ಪರೀಕ್ಷೆ ಬರೆದು ರ್‍ಯಾಂಕು ಪಡೆದಿದ್ದೆ. ಹದಿನೆಂಟು ವರ್ಷ ಕೆಂಪು ಪೆನ್ಸಿಲಿನ ಪಕ್ಕ ಕೂತು ನನಗೆ ಒಂದು ದಿನವೂ ಅದು ಹೊಳೆದಿರಲಿಲ್ಲ. ಅವನು ಅಂತರವನ್ನು ದಶಮಾಂಶದ ಐದನೇ ಸ್ಥಾನಕ್ಕೆ ಇಟ್ಟ. ನಾನೂರು ಚಿಲ್ಲರೆ ತಪ್ಪುಗಳು ಹನ್ನೊಂದಕ್ಕೆ ಇಳಿದವು. ವೆಂಕಟರವಣಪ್ಪನವರು ಅವನ ಬೆನ್ನು ತಟ್ಟಿ, "ನೋಡಮ್ಮಾ, ತಕ್ಕಡಿ ಮನೆ ಹುಡುಗ ಅಂದ್ರೆ ಹಿಂಗೆ," ಅಂದರು. ನನ್ನ ಬೆನ್ನನ್ನು ಯಾರೂ ತಟ್ಟಿರಲಿಲ್ಲ; ಹೆಂಗಸಿನ ಬೆನ್ನು ತಟ್ಟುವ ಹಾಗಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಸಂಜೆ ರೈಲಿನಲ್ಲಿ ಟೇಕಲ್ ಬರುವವರೆಗೂ ಆ ಅಂಗೈಯ ಸದ್ದು ಕಿವಿಯಲ್ಲಿತ್ತು.

ಉಳಿದ ಹನ್ನೊಂದು ಹಟ ಮಾಡಿದವು. ಅವುಗಳಲ್ಲಿ ವ್ಯತ್ಯಾಸ ನಾಲ್ಕನೇ ಸ್ಥಾನದಲ್ಲಿತ್ತು. ಬೋರ್ಡು ಕಳಪೆ ಎಂದು ನಾನು ಹೇಳಿದೆ. ನಿಮ್ಮ ಲೆಕ್ಕದಲ್ಲೇ ಎಲ್ಲೋ ಇರಬಹುದು ಎಂದು ಅಯಾಝ್ ಹೇಳಿದ. ಮೆತ್ತಗೆ ಹೇಳಿದ, ಮೇಡಂ ಸೇರಿಸಿಯೇ ಹೇಳಿದ. ಒಂದು ವಾರ ಹನ್ನೊಂದೂ ಹಾಗೇ ಇದ್ದವು. ಯಂತ್ರಗಳನ್ನು ಹಳ್ಳಿಗೆ ಕಳಿಸುವ ದಿನ ಹತ್ತಿರ ಬಂತು.

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅದು ಶುಕ್ರವಾರ. ಅಯಾಝ್ ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ನಮ್ಮಲ್ಲಿದ್ದದ್ದು ಪರೀಕ್ಷೆಯ ಒಂದೇ ಬೋರ್ಡು, ಅದು ಅವನ ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿತ್ತು. ಆ ಕಂಪ್ಯೂಟರಿನಿಂದ ಯಾರೇ ಬದಲಾವಣೆ ಮಾಡಿದರೂ ದಾಖಲೆಯಲ್ಲಿ ಅವನ ಹೆಸರೇ ಬೀಳುತ್ತಿತ್ತು. ನಾನು ಅವನ ಕುರ್ಚಿಯಲ್ಲಿ ಕೂತು, ಅವನಿಟ್ಟಿದ್ದ ಅಂತರ ಅಳಿಸಿ, ನೂರು ಪಟ್ಟು ಅಗಲ ಮಾಡಿದೆ. ಮೂರನೇ ಸ್ಥಾನ. ಆರುನೂರೂ ಪಾಸಾದವು. ಎದ್ದು ಬಂದು ಡಬ್ಬಿ ಬಿಚ್ಚಿ ಊಟ ಮಾಡಿದೆ. ಹಿಂದಿರುಗಿದ ಅಯಾಝ್, ನಾನು ಲೆಕ್ಕ ತಿದ್ದಿದೆನೆಂದುಕೊಂಡ; ನಾನು ಅಲ್ಲ ಅನ್ನಲಿಲ್ಲ.

ಯಾಕೆ ಮಾಡಿದೆ? ಮೊದಲ ಕರಡಿನಲ್ಲಿ, ಕೆಲಸಕ್ಕೆ ತಡವಾಗುತ್ತಿತ್ತು ಎಂದು ಬರೆದಿದ್ದೆ. ಅದು ಸುಳ್ಳಲ್ಲ, ಆದರೆ ಕಾರಣವೂ ಅಲ್ಲ. ಆ ಹನ್ನೊಂದರ ಒಳಗೆ ಅವನು ಇಳಿದರೆ ನನ್ನ ಲೆಕ್ಕದೊಳಗೆ ಇಳಿಯುತ್ತಾನೆ, ಅಲ್ಲಿ ಏನಾದರೂ ಸಿಗುತ್ತದೆ ಎಂಬ ಭಯವಿತ್ತು. ಬಾಗಿಲು ಹಾಕಿದೆ. ಅವನ ಹೆಸರು ಬೀಳುತ್ತದೆಂದು ಆಗ ಹೊಳೆದಿತ್ತೇ? ಹೊಳೆದಿರಲಿಲ್ಲ ಎಂದು ನೆನಪು ಹೇಳುತ್ತದೆ. ನೆನಪಿನ ಬಗ್ಗೆ ನನ್ನ ಅಭಿಪ್ರಾಯ ಮೇಲೆ ಹೇಳಿದ್ದೇನೆ.

ವಕ್ಕಲೇರಿಯ ಹತ್ತಿರದ ಒಂದು ಹಳ್ಳಿಯ ಸಂಘದಲ್ಲಿ ಮೊದಲ ಯಂತ್ರ ಇಟ್ಟೆವು. ನಾನು, ಅಯಾಝ್, ವೆಂಕಟರವಣಪ್ಪನವರು ಮೂವರೂ ಬೆಳಿಗ್ಗೆಯೇ ಹೋಗಿದ್ದೆವು. ಸಾಲಿನಲ್ಲಿ ಒಬ್ಬೊಬ್ಬರದೇ ಹಸಿರು ದೀಪ ಬರುತ್ತಿತ್ತು. ನಾರಾಯಣಮ್ಮ ಎಂಬಾಕೆಯ ಸರದಿ ಬಂದಾಗ ಕೆಂಪು ಹತ್ತಿತು. ಚೀಟಿಯೂ ಬಂತು. ಆಕೆ ಚೀಟಿ ಹಿಡಿದು ದೀಪವನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿದರು.

"ಇದ್ರಲ್ಲಿ ಎಂಟೂವರೆ ಅಂತ ಐತೆ."

"ಹೌದಮ್ಮ," ಅಂದೆ.

"ಎಂಟೂವರೆಗೆ ಹಸಿರು ಅಂತ ಈಗ್ ತಾನೇ ನೀವೇ ಅಂದ್ರಿ."

"ಹೌದು."

"ಮತ್ತೆ ಚೀಟೀನೂ ನಿಮ್ದೇ, ದೀಪಾನೂ ನಿಮ್ದೇ. ಎರಡ್ರಲ್ಲಿ ಯಾವುದಕ್ಕೆ ಸುಳ್ಳು ಹೇಳೋ ಅಭ್ಯಾಸ ಐತೆ ಅಂತ ಹೇಳ್ಬುಡಿ, ಇನ್ನೊಂದನ್ನ ನಂಬ್ತೀನಿ."

ಸಾಲು ನಕ್ಕಿತು. ಹಿಂದಿನಿಂದ ಯಾರೋ, "ಬಿಡು ನಾರಾಯಣಮ್ಮಾ, ನಿನ್ನ ಹಸೂಗೆ ಲೆಕ್ಕ ಬರಲ್ಲ," ಅಂದರು. ಆಕೆ ನಗಲಿಲ್ಲ. ಹಾಲಿಗೆ ನೀರು ಹಾಕಿದವಳೆಂದು ಊರೆದುರು ಆಗಿಹೋಗಿತ್ತು. ಕ್ಯಾನು ಎತ್ತಿಕೊಂಡು, ಬಂದದ್ದಕ್ಕಿಂತ ನಿಧಾನವಾಗಿ ನಡೆದು ಹೋದರು. ಈ ದೃಶ್ಯ ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಅಯಾಝ್‌ಗೂ ಹೀಗೇ ನೆನಪಿದೆ. ಒಂದು ವ್ಯತ್ಯಾಸ, ಅವನ ಪ್ರಕಾರ ಅವನು ಹಿಂದೆ ಹೋಗಿ ಆಕೆಯ ಕ್ಯಾನು ಹೊತ್ತು ಮನೆವರೆಗೆ ಬಿಟ್ಟು ಬಂದ. ನನಗೆ ಅದು ನೆನಪಿಲ್ಲ. ನಾನು ಆಗ ನೆಲ ನೋಡುತ್ತಿದ್ದಿರಬೇಕು.

ಆಗಿದ್ದು ಇಷ್ಟು: ಒಳಗಿನ ಉತ್ತರ ಎಂಟೂವರೆಗಿಂತ ಕೂದಲೆಳೆಯಷ್ಟು ಕಡಿಮೆ ಬಂದಿತ್ತು, ನಾಲ್ಕನೇ ಸ್ಥಾನದಲ್ಲಿ. ಚೀಟಿಗೆ ಅಚ್ಚಾಗುವಾಗ ಅದನ್ನು ದಶಮಾಂಶದ ಒಂದೇ ಸ್ಥಾನಕ್ಕೆ ದುಂಡಾಗಿಸಿ ಎಂಟೂವರೆ ಎಂದು ಬರೆಯುತ್ತಿತ್ತು. ದೀಪ ಮಾತ್ರ ದುಂಡಾಗಿಸದ ಉತ್ತರವನ್ನೇ ನೋಡುತ್ತಿತ್ತು. ಹಳೆಯ ಯಂತ್ರದಲ್ಲಿ ಅದೇ ಹಾಲಿನ ಉತ್ತರ ಎಂಟೂವರೆಗಿಂತ ಕೂದಲೆಳೆಯಷ್ಟು ಹೆಚ್ಚಾಗಿರುತ್ತಿತ್ತು. ಅಂತರವನ್ನು ನಾನು ಅಗಲ ಮಾಡಿರದಿದ್ದರೆ ಆ ಹನ್ನೊಂದು ಮಾದರಿಗಳು ಯಂತ್ರವನ್ನು ಮಾಲೂರಿನಲ್ಲೇ ತಡೆದು ನಿಲ್ಲಿಸುತ್ತಿದ್ದವು.

ಮರುದಿನ ವೆಂಕಟರವಣಪ್ಪನವರು ದಾಖಲೆ ತೆಗೆಸಿದರು. "ಇದನ್ನ ಅಗಲ ಮಾಡ್ದೋರು ಯಾರು?" ಪರದೆಯ ಮೇಲೆ ಅಯಾಝ್ ಹೆಸರಿತ್ತು. ಅವನು ಬಗ್ಗಿ ಆ ಸಾಲನ್ನು ತುಂಬ ಹೊತ್ತು ನೋಡಿದ.

"ನನ್ನ ಹೆಸ್ರಿದೆ ಸಾರ್," ಅಂದ.

"ಹೆಸ್ರು ನನಗೂ ಕಾಣ್ತದೆ. ನೀನೇ ಮಾಡ್ದೇನಪ್ಪಾ?"

"ನನ್ನ ಹೆಸ್ರಿದೆ ಅಲ್ವಾ ಸಾರ್."

ನನ್ನ ನೆನಪಿನಲ್ಲಿ ಈ ಘಟ್ಟದಲ್ಲಿ ನಾನು ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ಟೀ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ಎಷ್ಟು ಅನುಕೂಲದ ಟೀ. ನಮ್ಮಲ್ಲಿ ಟೀ ಬರುತ್ತಿದ್ದದ್ದು ಹನ್ನೊಂದಕ್ಕೆ. ಈ ಮಾತು ನಡೆದದ್ದು ಬೆಳಿಗ್ಗೆ, ನಾವೆಲ್ಲ ಬಂದ ಕೂಡಲೇ. ಟೀ ಬಂದಿರಲಿಲ್ಲ. ನಾನು ಬಾಯಿ ತೆರೆದಿರಲಿಲ್ಲ.

ಎರಡು ದಿನದಲ್ಲಿ ಅಯಾಝ್ ಮೂಲ ತಪ್ಪನ್ನು ಹಿಡಿದ. ಹೇಗೆ ಹಿಡಿದ ಎನ್ನುವುದೇ ಈ ಬರಹದಲ್ಲಿ ಹೊಸಬರಿಗೆ ಉಪಯೋಗಕ್ಕೆ ಬರುವ ಭಾಗ. ತಕ್ಕಡಿ ಒಂದು ಕಡೆ ವಾಲಿದರೆ ಅವನ ತಂದೆ ಮೊದಲು ಎರಡು ತಟ್ಟೆಗಳನ್ನು ಅದಲುಬದಲು ಮಾಡುತ್ತಾರಂತೆ. ಆ ವಾಲಿಕೆ ತಟ್ಟೆಯ ಜೊತೆ ಹೋದರೆ ದೋಷ ತಟ್ಟೆಯದು, ಇದ್ದ ಕಡೆಯೇ ಉಳಿದರೆ ದಂಡದ್ದು. ಅಯಾಝ್ ಹಳೆಯ ಕಂಪ್ಯೂಟರನ್ನು ಮೂಲೆಯಿಂದ ತಂದು, ಪ್ರತಿ ಹೆಜ್ಜೆಗೂ ಹೊಸ ಬೋರ್ಡಿನ ಹಾಗೆಯೇ ಅಂಕಿ ಕತ್ತರಿಸುವಂತೆ ಅದಕ್ಕೆ ಕಟ್ಟುಪಾಡು ಹಾಕಿದ. ಅಂತರವನ್ನು ಮೊದಲಿನಷ್ಟೇ ಇಟ್ಟು ಆರುನೂರನ್ನೂ ಓಡಿಸಿದ. ಹಳೆಯ ಕಂಪ್ಯೂಟರಿನಲ್ಲೂ ಅದೇ ಹನ್ನೊಂದು ಮಾದರಿಗಳು ಕೆಟ್ಟವು. ಬೋರ್ಡಿನಲ್ಲಿ ದೋಷವಿರಲಿಲ್ಲ. ದೋಷ ಪ್ರೋಗ್ರಾಮಿನ ಜೊತೆ ಬಂದಿತ್ತು.

ಒಂದು ಕಡೆ ನಾನು ಹೆಚ್ಚುಕಡಿಮೆ ಸಮವಾದ ಎರಡು ಸಮಯಗಳನ್ನು ಒಂದರಿಂದ ಒಂದು ಕಳೆದಿದ್ದೆ. ಹಾಗೆ ಕಳೆದಾಗ ಮುಂದಿನ ಅಂಕಿಗಳೆಲ್ಲ ಹೋಗಿ ಬಾಲದ ಕಸ ಮಾತ್ರ ಉಳಿಯುತ್ತದೆ, ಅದೇ ಮುಂದಿನ ಲೆಕ್ಕಕ್ಕೆ ತಲೆಯಾಗುತ್ತದೆ. ಹಳೆಯ ಯಂತ್ರ ತನ್ನ ಅಗಲ ಕಾಗದದಿಂದ ನನ್ನ ಮರ್ಯಾದೆ ಕಾಪಾಡಿಕೊಂಡು ಬಂದಿತ್ತು. ಅಯಾಝ್ ಆ ಅಂಕಿಗಳಿಗೆ ದೊಡ್ಡ ಜಾಗ ಕೊಟ್ಟ. ಚೀಟಿಯಲ್ಲಿ ಅಚ್ಚಾದ ಅಂಕಿಯನ್ನೇ ದೀಪವೂ ನೋಡುವಂತೆ ಮಾಡಿದ. ಅವನ ಮೊದಲಿನ ಅಂತರದಲ್ಲೇ ಆರುನೂರೂ ಪಾಸಾದವು. ಹೆಮ್ಮೆಪಡಬೇಕಾದ ಕೆಲಸ. ಪರದೆಯ ಮೇಲೆ ನನ್ನ ಹದಿನೆಂಟು ವರ್ಷದ ಸಾಲುಗಳ ನಡುವೆ ಅವನ ನಾಲ್ಕು ಸಾಲುಗಳನ್ನು ನೋಡಿ ನನಗೆ ಜ್ವರ ಬಂದ ಹಾಗಾಯಿತು.

ವೆಂಕಟರವಣಪ್ಪನವರು ತೀರ್ಪು ಕೊಟ್ಟರು: "ಕೆಡಿಸ್ದೋನೂ ನೀನೇ, ಸರಿ ಮಾಡ್ದೋನೂ ನೀನೇ. ಮುಂದಿನ ವರ್ಷ ನೋಡಾಣ." ಖಾಯಂ ಪತ್ರ ಒಂದು ವರ್ಷ ಮುಂದೆ ಹೋಯಿತು. ನಾನು ಅವತ್ತೂ ಸುಮ್ಮನಿದ್ದೆ. ಆಮೇಲಿನ ಅಷ್ಟೂ ವರ್ಷ ಸುಮ್ಮನಿದ್ದೆ. ನನ್ನ ಬೀಳ್ಕೊಡುಗೆಯಲ್ಲಿ ಅವನು ಹಾರ ಹಾಕಿದಾಗಲೂ ಸುಮ್ಮನಿದ್ದೆ.

ಇದನ್ನು ಬರೆಯುತ್ತ ಇಲ್ಲಿಗೆ ಬಂದಾಗ ಮತ್ತೆ ಫೋನು ಮಾಡಿದೆ. ಅವನು ಈಗ ಆ ವಿಭಾಗದ ಮುಖ್ಯಸ್ಥ. "ಆ ಶುಕ್ರವಾರ ಅಂತರ ಅಗಲ ಮಾಡಿದ್ದು ನಾನು ಅಯಾಝ್," ಅಂದೆ.

"ಗೊತ್ತು ಮೇಡಂ."

"ಯಾವಾಗಿಂದ?"

"ಸಾರ್ ದಾಖಲೆ ತೆಗೆಸಿದ್ರಲ್ಲ, ಆ ಸಾಲು ನೋಡಿ ಅವತ್ತೇ. ನಾನು ಯಾವತ್ತೂ ಸೊನ್ನೆಗಳನ್ನ ಪೂರ್ತಿ ಬರ್ಯಲ್ಲ, ಚಿಕ್ಕದಾಗಿ ಹತ್ತರ ಘಾತ ಹಾಕ್ತೀನಿ. ಆಫೀಸಲ್ಲಿ ಸೊನ್ನೆ, ಚುಕ್ಕಿ, ಸೊನ್ನೆ, ಸೊನ್ನೆ ಅಂತ ಎಲ್ಲಾನೂ ಬಿಡಿಸಿ ಬರ್ಯೋರು ನೀವೊಬ್ರೇ."

ಇಷ್ಟು ದೊಡ್ಡ ಮನಸ್ಸೇ ಎಂದು ನನಗೆ ಅನ್ನಿಸಿತು. ಅದರ ಹಿಂದೆಯೇ, ಇದರಲ್ಲೂ ನನ್ನನ್ನು ಮೀರಿದನಲ್ಲ ಎಂದು ಹೊಟ್ಟೆ ಉರಿಯಿತು. "ಆದ್ರೂ ನನ್ನ ಹೆಸ್ರು ಹೇಳ್ಲಿಲ್ಲ. ನಿನ್ನದು ದೊಡ್ಡ ಗುಣ," ಅಂದೆ.

ಅವನು ನಕ್ಕ. "ನನ್ನನ್ನ ಹಂಗೆ ಬರ್ಯೋಕೆ ಹೋಗ್ಬೇಡಿ ಮೇಡಂ. ಹೇಳಿದ್ರೆ ಯಾರು ನಂಬ್ತಿದ್ರು? ನೀವು ಹದಿನೆಂಟು ವರ್ಷದೋರು, ನಾನು ಕಾಂಟ್ರಾಕ್ಟು. ಒಂದು ವರ್ಷ ಕಾದ್ರೆ ಕೆಲ್ಸ ಉಳಿಯತ್ತೆ, ಬಾಯಿ ಬಿಟ್ರೆ ಅದೂ ಇಲ್ಲ. ಸಿಟ್ಟು ಬೇಕಾದಷ್ಟಿತ್ತು. ಶ್ರೀನಿವಾಸಪುರದ ಒಂದು ಸಂಬಂಧ ಬಂದಿತ್ತು ಆಗ. ಹುಡ್ಗ ಇನ್ನೂ ಖಾಯಂ ಆಗಿಲ್ವಂತೆ ಅಂತ ಅವ್ರು ಬಿಟ್ಬುಟ್ರು. ಈಗ ಏನಿಲ್ಲ ಬಿಡಿ, ನನ್ ಹೆಂಡ್ತಿ ಕೇಳಿಸ್ಕೊಂಡ್ರೆ ನಿಮ್ಗೆ ಥ್ಯಾಂಕ್ಸ್ ಹೇಳ್ತಾಳೆ."

"ನಾನೇನು ಮಾಡ್ಲಿ ಅಯಾಝ್?"

"ನೀವು ಬರ್ಯೋದನ್ನ ಯಾರು ಓದ್ತಾರೋ ಗೊತ್ತಿಲ್ಲ ಮೇಡಂ. ಸಾರ್‌ಗೆ ಒಂದು ಮಾತು ಹೇಳಿ. ಮದುವೆ ಮನೇಲಿ ಸಿಕ್ಕಿದಾಗೆಲ್ಲ ಈಗ್ಲೂ ಅದೇ ಹೇಳಿ ರೇಗಿಸ್ತಾರೆ ನನ್ನ."

ವೆಂಕಟರವಣಪ್ಪನವರು ಶ್ರೀನಿವಾಸಪುರದ ತಮ್ಮ ಮಾವಿನ ತೋಪಿನಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ. ಎರಡು ದಿನ ತಡೆದು, ಮೂರನೇ ದಿನ ಬೆಳಿಗ್ಗೆ ಫೋನು ಮಾಡಿದೆ. ವಕ್ಕಲೇರಿಯ ಕೆಂಪು ದೀಪ ನೆನಪಿದೆಯಾ ಎಂದು ಕೇಳಿದೆ.

"ಐತಮ್ಮಾ, ಯಾಕಿಲ್ಲ. ಆ ಹುಡುಗ ಅಯಾಝು ಕೆಡಿಸಿಟ್ಟಿದ್ದ, ನೀನು ಕೂತು ಸರಿ ಮಾಡ್ದೆ. ನೀನಿಲ್ದಿದ್ರೆ ಕಂಪನಿ ಮರ್ಯಾದೆ ಹೋಗಿರೋದು."

ಅವರು ಹಾಗೆಯೇ ನೆನಪಿಟ್ಟುಕೊಂಡಿದ್ದರು. ನಾನು ಅವರಿಗೆ ಯಾವತ್ತೂ ಆ ಸುಳ್ಳು ಹೇಳಿರಲಿಲ್ಲ, ಅದು ತಾನೇ ಬೆಳೆದುಕೊಂಡಿತ್ತು. ಕೇಳಲು ಎಷ್ಟು ಹಿತವಾಗಿತ್ತೆಂದರೆ, ಅವರು ಎರಡು ಸಲ "ಹಲೋ, ಹಲೋ" ಅನ್ನುವವರೆಗೆ ನಾನು ಅದರೊಳಗೇ ಕೂತಿದ್ದೆ.

"ಅಲ್ಲ ಸಾರ್," ಅಂದೆ. "ಕೆಡಿಸಿದ್ದು ನಾನು. ಸರಿ ಮಾಡಿದ್ದು ಅಯಾಝ್."

"ಏನಂದೆ? ಇಲ್ಲಿ ಪಂಪ್‌ಸೆಟ್ ಸದ್ದಮ್ಮಾ. ಜೋರಾಗಿ ಹೇಳು."

ಪಕ್ಕದ ಕೋಣೆಯಲ್ಲಿ ನನ್ನ ಗಂಡ ಪೇಪರು ಓದುತ್ತಿದ್ದರು. ಪುಟ ತಿರುವುವ ಸದ್ದು ನಿಂತಿತು. ಮೊದಲನೇ ಸಲ ಹೇಳಿದ್ದನ್ನು ನಾನು ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದ್ದೆನೆಂದು ಆಗ ಗೊತ್ತಾಯಿತು. ಎದ್ದು ನಿಂತು, ಪೂರ್ತಿ ಗಂಟಲಿನಿಂದ, ಮತ್ತೊಮ್ಮೆ ಹೇಳಿದೆ.